ಡಾಗ್ನಿಯ ಎಡಗಾಲಿನ ಬೂಟು

ರೀಬೆ, ನವೆಂಬರ್ ೧೨, ಮಂಗಳವಾರ

ಇವತ್ತು ಥೋರ್ಕಿಲ್‌ನನ್ನು ವಾಪಸ್ ಕಳಿಸಿದೆ. ಮೂವತ್ತು ವರ್ಷದಿಂದ ನನ್ನ ಬೂಟು ರಿಪೇರಿ ಅಂಗಡಿಗೆ ಬರುವ ಗಿರಾಕಿ.

"ಸಣ್ಣಪುಟ್ಟ ರಿಪೇರಿ ಬಿಟ್ಟೆ ಮಾರಾಯ, ಕಣ್ಣು ಸಾಲ್ದು. ಬೂಟಿನ ಅಡಿಗೆ ಪೂರ್ತಿ ಹೊಸ ಅಟ್ಟೆ ಹಾಕೋದಿದ್ರೆ ತಗೊಂಡ್ ಬಾ," ಎಂದೆ. ನಯವಾಗಿ ಇಲ್ಲವೆನ್ನಲು ಕಾಲೇಜಿನಲ್ಲಿ ಕಲಿಸಿದ, ‘ವಿ ರಿಗ್ರೆಟ್’ ಎಂದು ಶುರುವಾಗುವ ಇಂಗ್ಲಿಷ್ ವಾಕ್ಯ ಮುಂದೆ ಹೇಗೋ, ಮರೆತಿದೆ.

"ಭಾರಿ ದೊಡ್ಡ ಮನುಷ್ಯ ಆದೆ ಬಿಡು! ಒಂದು ಹಿಮ್ಮಡಿ ರಬ್ಬರು ಕಣೋ. ಅವಳು ಕಾಯ್ತಿದ್ದಾಳೆ," ಎಂದ.

ಅವನ ಹೆಂಡತಿ ಡಾಗ್ನಿಯನ್ನು ಏಪ್ರಿಲ್‌ನಲ್ಲಿ ಮಣ್ಣು ಮಾಡಿದೆವು. ಆಮೇಲೂ ತಿಂಗಳಿಗೊಮ್ಮೆ ಅವಳ ಬೂಟಿಗೆ ಹೊಸ ರಬ್ಬರು ಹೊಡೆದಿದ್ದೇನೆ. ಪ್ರತಿ ಸಲ ಎಡಗಾಲಿನ ಹೊರ ಅಂಚೇ, ಅವಳು ಕುಂಟುತ್ತಿದ್ದ ಹಾಗೆಯೇ, ಸವೆದು ಬರುತ್ತದೆ. ಅಷ್ಟು ಚಿಕ್ಕ ಬೂಟಿನಲ್ಲಿ ಅವನ ಕಾಲು ಹಿಡಿಸದು.

ಕಣ್ಣು ಬರೀ ನೆಪ, ಭಯಕ್ಕೇ ಬೇಡವೆಂದದ್ದು. ಈಗ ಅನಿಸುತ್ತಿದೆ, ಅವಳು ಹೇಗೆ ಬರುತ್ತಾಳೆಂದು ಅವನನ್ನು ಕೇಳಿಬಿಡಬೇಕಿತ್ತು. ನನ್ನ ಹೆಂಡತಿ ಆಸ್ಟಾ ಹೋಗಿ ಆರು ವರ್ಷ. ಅವಳೂ ಬರಬೇಕಾದರೆ ಅವಳ ಬೂಟನ್ನು ಬಾಗಿಲ ಒಳಗಿಡಬೇಕೋ ಹೊರಗೋ, ಅದರ ಮುಖ ಯಾವ ಕಡೆಗಿರಬೇಕೋ.