ಹೆಸರಿನ ಮುಂದೆ ಮೂರು ಅಕ್ಷರ

ದ್ವೀಪದ ಮನೆ, ಸೌತ್ ಕ್ಯಾರೊಲಿನಾ
೧೨ ಮಾರ್ಚ್ ೧೯೫೯

ಪ್ರೀತಿಯ ಲವೀನಿಯಾ,

ಇದನ್ನು ಯಾರ ಕೈಲೂ ಬರೆಸಿಲ್ಲ. ನಾನೇ ಬರೆಯುತ್ತಿದ್ದೇನೆ, ಮೂರು ದಿನ ಹಿಡಿಯಿತು.

ನೀನು ಚಾರ್ಲ್ಸ್‌ಟನ್ನಿಗೆ, ತಂಗಿಯ ಮನೆಗೆ ಹೋಗಿ ಹದಿನಾಲ್ಕು ತಿಂಗಳಾಯಿತು. ಪಕ್ಕದ ಮನೆಯ ಡೋರ್ಕಸ್ ಜೊತೆ ಮಾತು ಬಿಟ್ಟೂ ಅಷ್ಟೇ ಆಯಿತು. ನಿನ್ನ ಕೆಲಸದ ಮನೆಯ ಯಜಮಾನಿಗೆ ಸುದ್ದಿ ಮುಟ್ಟಿಸಿದ್ದು ಅವಳೇ ಎಂದು ನೀನು ನಂಬಿದ್ದೀಯೆ. ಅವಳಲ್ಲ.

ನೀನು ಮಂಗಳವಾರ, ಗುರುವಾರ ಓದು ಕಲಿಯಲು ಹೋಗುತ್ತಿದ್ದಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಮೇಷ್ಟ್ರು ಥಡ್ಡಿಯಸ್ ಪಟ್ಟಣದವನು, ಇಸ್ತ್ರಿ ಅಂಗಿಯವನು. ನೀನು ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ಹೆಸರು ಬರೆದು ನಗುತ್ತಿದ್ದೆ. ಆ ನಗು ನಾನು ಕಂಡಿದ್ದು ಮದುವೆಯಾದ ವರ್ಷ ಮಾತ್ರ. ನೋಡಿ ನೋಡಿ ನಿನ್ನ ಹೆಸರಿನ ಆಕಾರ ನನಗೂ ಗುರುತಾಯಿತು.

ಆಮೇಲೆ ಆ ಲಕೋಟೆ ಬಂತು. ನೀನು ಕೆಲಸಕ್ಕೆ ಹೋಗಿದ್ದೆ. ನಿನ್ನ ಹೆಸರಿನ ಮುಂದೆ ಬೇರೆ ಮೂರು ಅಕ್ಷರ, ಒಂದು ಚುಕ್ಕೆ. ಮೇಷ್ಟ್ರು ಇಟ್ಟ ಮುದ್ದಿನ ಹೆಸರೇ ಇರಬೇಕು ಎಂದುಕೊಂಡೆ. ನಮ್ಮ ಕರಿಯರ ಕೈಲಿ ಓದಿಸಲು ನಾಚಿಕೆಯಾಗಿ ಬಿಳಿಯ ಅಂಗಡಿಯವನ ಮುಂದೆ ಹಿಡಿದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಮಿಸೆಸ್ ಅಂತೆ! ಲೋ ಐಸಮ್, ನಿನ್ನ ಹೆಂಡ್ತಿ ಯಾವಾಗಿಂದಲೋ ಮಿಸೆಸ್ ಆದ್ಲು?” ಎಂದ. ನಾನೂ ನಕ್ಕೆ, ಲವೀನಿಯಾ. ಮುದ್ದಿನ ಹೆಸರಲ್ಲವಲ್ಲ ಎಂದು ನಿರಾಳವಾಗಿ ನಕ್ಕೆ. ಅಷ್ಟರಲ್ಲಿ ಅವನು ಕಾಗದ ಬಿಚ್ಚಿ ಓದಿಬಿಟ್ಟ. ನಮ್ಮ ಕರಿಯರ ಸಂಘದ ಪರವಾಗಿ ಮೇಷ್ಟ್ರು ಬರೆದದ್ದು: ಮತದಾರರ ಪಟ್ಟಿಗೆ ಹೆಸರು ಸೇರಿಸಲು ನೀನು ಹೋಗಬೇಕಾದ ದಿನ. ಅವನ ನಗು ನಿಂತಿತು.

ಅವನಿಂದ ಸುದ್ದಿ ತಿಳಿದು ಶನಿವಾರ ನಿನ್ನ ಯಜಮಾನಿ “ವೋಟು ಬೇಕಾದೋಳಿಗೆ ನನ್ನ ಅಡುಗೆಮನೆ ಯಾಕೆ?” ಎಂದು ಕೆಲಸ ಬಿಡಿಸಿದಳು. ಆದರೂ ನೀನು ಹೋಗಿ ಹೆಸರು ಸೇರಿಸಿ ಬಂದೆ. ದ್ವೀಪದಲ್ಲಿ ಮತ್ಯಾರೂ ಕೆಲಸ ಕೊಡಲಿಲ್ಲ, ಊರು ಬಿಟ್ಟೆ. ನಾನು ಬಾಯಿ ಮುಚ್ಚಿಕೊಂಡಿದ್ದೆ.

ನೀನು ಹೋದ ಮೇಲೆ, ಆ ಮನುಷ್ಯನಲ್ಲಿ ಅಂಥದ್ದೇನಿದೆ ನೋಡೋಣವೆಂದು ತರಗತಿಗೆ ಹೋದೆ. ಜಗಳಕ್ಕೇ ಹೋದೆ ಎನ್ನು. ಅವನು ಎದ್ದು ನಿಂತು “ಬನ್ನಿ ಮಿಸ್ಟರ್ ಫ್ರೇಸಿಯರ್, ಕೂತ್ಕೊಳ್ಳಿ” ಎಂದ. ಹಿಂದೆ ಯಾರು ಬಂದರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನಲವತ್ತಾರು ವರ್ಷವಾದರೂ ಬಿಳಿಯರಿಗೆ ನಾನು ಐಸಮ್, ಇಲ್ಲವೇ ‘ಏ ಹುಡುಗ’; ಮಿಸ್ಟರ್, ಮಿಸೆಸ್ ಎಲ್ಲ ಅವರವರಿಗೆ ಮಾತ್ರ. ಅಂಗಡಿಯಲ್ಲಿ ಯಾವುದಕ್ಕೆ ನಕ್ಕಿದ್ದೆನೆಂದು ಆಗ ತಿಳಿಯಿತು. ನಿನ್ನ ಕುರ್ಚಿಯಲ್ಲೇ ಕೂತೆ.

ಈ ಸೋಮವಾರ ನಾನೂ ಮತದಾರರ ಪಟ್ಟಿಗೆ ಸೇರಲು ಹೋಗಿ, ಗುಮಾಸ್ತನ ಮುಂದೆ ಸಂವಿಧಾನದ ಒಂದು ಪ್ಯಾರಾ ಓದಿದೆ. ಒಂದು ಪದದಲ್ಲಿ ತಡವರಿಸಿದೆ, ಬಿಡಲಿಲ್ಲ. ಅವನು “ಹ್ಞೂಂ, ಗೀಟು ಹಾಕು” ಎಂದ. ಓದು ಬಾರದವರ ಗೀಟು ಹಾಕಲಿಲ್ಲ, ಹೆಸರು ಬರೆದೆ.

ಮೇಷ್ಟ್ರ ಮೇಲೆ ಹೊಟ್ಟೆಕಿಚ್ಚು ಈಗಲೂ ಇದೆ, ಸುಳ್ಳು ಹೇಳಲಾರೆ. ನಿನ್ನನ್ನು ಮಿಸೆಸ್ ಎಂದು ಮೊದಲು ಕರೆದವನು ಅವನು, ನಾನಾಗಬೇಕಿತ್ತು. ಡೋರ್ಕಸ್‌ಗೆ ಎಲ್ಲ ಹೇಳಿದ್ದೇನೆ. “ಥೂ ನಿನ್ನ! ನನ್ಹತ್ರ ಅಳಬೇಡ, ಹೆಂಡ್ತಿಗೆ ಬರಿ ಹೋಗು” ಎಂದಳು. ನೀನು ವಾಪಸು ಬಂದರೂ ಬಾರದಿದ್ದರೂ, ಅವಳಿಗೊಂದು ಕಾಗದ ಬರೆ.

ನಿನ್ನ,
ಐಸಮ್ ಫ್ರೇಸಿಯರ್

ಮರೆತ ಮಾತು: ಈ ಕಾಗದದ ಲಕೋಟೆ ಎಸೆಯಬೇಡ. ಅದರ ಮೇಲಿನ ಮೊದಲ ಮೂರು ಅಕ್ಷರಗಳನ್ನು ಅದೇ ಅಂಗಡಿಯಲ್ಲಿ, ಅವನ ಕಣ್ಣೆದುರೇ ಬರೆದೆ. “ಏನೋ ಅದು?” ಎಂದ. ಓದಿ ಹೇಳಿದೆ. ಚುಕ್ಕೆ ಇಡುವಾಗ ಕಾಗದ ತೂತಾಯಿತು.