ಹಾಡಿಕೊಂಡು ಅತ್ತ ಸಂಗತಿ

ಯಸಳೂರು
ನವೆಂಬರ್ ೪, ೨೦೨೪

ನನ್ನ ಮುದ್ದು ತಂಗಿ ಜಪಮಾಲೆಗೆ,

ನಿನ್ನ ಅಕ್ಕ ಲೂರ್ದು ಮಾಡುವ ಸ್ತೋತ್ರ. ಕಾನ್ವೆಂಟ್ ಸೇರಿದವಳು, ನಿನ್ನನ್ನು ಸಿಸ್ಟರ್ ಅಂತ ಕರೆಯಬೇಕೆಂದು ಎಲ್ಲರೂ ಹೇಳುತ್ತಾರೆ. ನಿನ್ನ ತಲೆಯ ಹೇನು ಹೆಕ್ಕಿದವಳು ನಾನು, ನನ್ನಿಂದ ಆಗುವುದಿಲ್ಲ ಕಣೇ. ಮಂಡಿನೋವು ಹೇಗಿದೆ? ಆ ಒಡಿಶಾದ ಗುಡ್ಡದಲ್ಲಿ ಫೋನ್ ಸಿಗುವುದಿಲ್ಲ ಸರಿ, ಕೊಬ್ಬರಿ ಎಣ್ಣೆಯೂ ಸಿಗುವುದಿಲ್ಲವೇ? ಬಿಸಿ ಮಾಡಿ ಹಚ್ಚಿಕೋ. ನಾನು ಚೆನ್ನಾಗಿದ್ದೇನೆ. ಜೂನ್ ತಿಂಗಳಿಂದ ಪ್ರತಿ ಕಾಗದದಲ್ಲೂ ಹೀಗೇ ಬರೆದಿದ್ದೆ, ಆದರೆ ನಿಜವಾಗಿ ಬರೆಯುತ್ತಿರುವುದು ಇದೇ ಮೊದಲು.

ನಿನ್ನ ಭಾವನನ್ನು ಮಣ್ಣು ಮಾಡಿದ ದಿನ ಏನಾಯಿತೆಂದು ನಿನಗೆ ಪೂರ್ತಿ ತಿಳಿಸಿರಲಿಲ್ಲ. ಈ ಸುತ್ತಿನ ಕಾಫಿ ಎಸ್ಟೇಟಿನ ಲೈನುಮನೆಗಳಲ್ಲಿ ನಮ್ಮವರು ಯಾರು ತೀರಿಕೊಂಡರೂ ಹಾಡಿಕೊಂಡು ಅಳುವುದಕ್ಕೆ ನನ್ನನ್ನೇ ಕರೆಯುತ್ತಾರಲ್ಲ, ಅಮ್ಮನಿಂದ ಬಂದ ವಿದ್ಯೆ. ಸುಮ್ಮನೆ ಗೋಳಾಡಿದರೆ ಆಗುವುದಿಲ್ಲ. ಸತ್ತವರು ಏನು ಇಷ್ಟಪಟ್ಟು ಉಣ್ಣುತ್ತಿದ್ದರು, ಯಾರ ಜೊತೆ ಜಗಳ ಆಡುತ್ತಿದ್ದರು, ಎಲ್ಲವನ್ನೂ ಸೇರಿಸಿ ಹಾಡಬೇಕು. ಅಂಥ ನಾನು ಸ್ವಂತ ಗಂಡನ ಪೆಟ್ಟಿಗೆಯ ಮುಂದೆ ಬಾಯಿ ತೆರೆದು ಒಂದು ಸಾಲು ಮುಗಿಸಿರಲಿಲ್ಲ, ಹೊಸದಾಗಿ ಬಂದ ಅರುಳ್ ಫಾದರ್ ಹತ್ತಿರ ಬಂದು, “ಸಮಾಧಾನ ಮಾಡ್ಕೊಳ್ಳಿ ಅಮ್ಮ. ಪುನರುತ್ಥಾನ ನಂಬಿರೋರು ನಾವು, ಹೀಗೆ ಕೂಗಿ ಅಳಬಾರದು” ಅಂದುಬಿಟ್ಟರು. ಮಗನ ವಯಸ್ಸಿನವರಾದರೂ ಪೂಜೆಯ ಉಡುಪಿನಲ್ಲಿದ್ದರು, ನುಂಗಿಕೊಂಡೆ. ಆಮೇಲೆ ಐದು ತಿಂಗಳು ಕಣ್ಣಲ್ಲಿ ಒಂದು ಹನಿ ಇಲ್ಲ. ಅನ್ನ ಸೇರದು. ಪಕ್ಕದ ಮನೆಯ ಗಂಗಾಮಣಿ ದಿನಾ ಬೈಯುತ್ತಿದ್ದಳು: “ಅತ್ತುಬುಡಕ್ಕಾ! ನಿಮ್ ದೇವ್ರೇನು ಕಿವಿ ಮುಚ್ಕಂಡು ಕೂತೈತಾ?” ಅಳು ಬಂದರೆ ತಾನೇ?

ಮೊನ್ನೆ ಎರಡನೇ ತಾರೀಖು ಸಕಲ ಮೃತರ ಸ್ಮರಣೆ. ಹಿಂದಿನ ದಿನವೇ ಸಮಾಧಿಯ ಹತ್ತಿರ ಹೋಗಿ ಹುಲ್ಲು ಕಿತ್ತು, ಶಿಲುಬೆಗೆ ಸುಣ್ಣ ಬಳಿದು ಬಂದಿದ್ದೆ. ಗಂಗಾಮಣಿ ಬಲಿಪಾಡ್ಯಮಿಗೆ ಇಟ್ಟುಕೊಂಡಿದ್ದ ಚೆಂಡುಹೂವಿನಲ್ಲಿ ಅರ್ಧ ತಂದುಕೊಟ್ಟಳು, ಪುಣ್ಯಾತ್ಗಿತ್ತಿ. ಸಂಜೆ ಫಾದರ್ ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸುತ್ತ ನಮ್ಮದರ ಹತ್ತಿರ ಬಂದರು. ಅವರ ತಾಯಿ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಕನಕಪುರದ ಕಡೆಯ ಊರು. ಅಲ್ಲಿ ತಾವೇ ಪೂಜೆ ಮಾಡಿ, ತಾವೇ ಮಣ್ಣಿಗಿಟ್ಟು, ಭಾನುವಾರದ ಪೂಜೆಗೆ ವಾಪಸ್ ಬಂದಿದ್ದರು. ಮೊನ್ನೆ ಪುಸ್ತಕ ಬಿಡಿಸಿ “ನಮ್ಮನ್ನು ಅಗಲಿದ ತಂದೆತಾಯಂದಿರು” ಎಂಬಲ್ಲಿಗೆ ಬಂದರು ನೋಡು, ದನಿ ನಿಂತುಹೋಯಿತು. ಜನವೆಲ್ಲ ತಮ್ಮ ತಮ್ಮ ಮೇಣದಬತ್ತಿ ನೋಡುತ್ತ ನಿಂತರು.

ನನಗೆ ಏನಾಯಿತೋ, “ನಿಮ್ ತಾಯಿ ಹೆಸರೇನು ಸ್ವಾಮಿ?” ಅಂದೆ. “ಮದಲೇನಮ್ಮ” ಅಂದರು. ಶುರು ಮಾಡಿಯೇಬಿಟ್ಟೆ! ಆ ತಾಯಿಯ ಮುಖ ಕಂಡವಳಲ್ಲ, ಬಾಯಿಗೆ ಬಂದದ್ದೇ ಹಾಡು: “ದುಂಡಗೆ ಮುದ್ದೆ ಕಟ್ಟಿ ಮಗನ್ನ ಸಾಕಿದೆಯಲ್ಲೇ ಮದಲೇನವ್ವಾ...” ಫಾದರ್ ತಲೆ ಎತ್ತಿ, “ಇಲ್ಲಮ್ಮ, ಅವ್ವಂಗೆ ಮುದ್ದೆ ಮಾಡಕ್ಕೇ ಬರ್ತಿರಲಿಲ್ಲ. ಬರೀ ಗಂಟು” ಅಂದರು. ಯಾರೋ ಕಿಸಕ್ಕೆಂದರು. ಫಾದರೂ ನಕ್ಕರು, ನಗುತ್ತಲೇ ನಿನ್ನ ಭಾವನ ಸಮಾಧಿಯ ಕಟ್ಟೆ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನೂ ತಿದ್ದಿಕೊಂಡು ಗಂಟು ಮುದ್ದೆಯನ್ನೇ ಹಾಡಿದೆ.

ಆಮೇಲೆ ನನ್ನದು ತಾನಾಗಿಯೇ ಬಂತು. ನಿನ್ನ ಭಾವ ಪೂಜೆಯಲ್ಲಿ ಎಲ್ಲರಿಗಿಂತ ಒಂದು ಸಾಲು ಮುಂದೆ ಹಾಡುತ್ತಿದ್ದದ್ದು ನಿನಗೆ ನೆನಪಿದೆಯಲ್ಲ? ಹಾಡುವ ಹುಡುಗಿಯರು ಕೈಮುಗಿದು ಬೇಡಿಕೊಂಡರೂ ಬಿಟ್ಟವರಲ್ಲ. ಬದುಕಿದ್ದಾಗ ಒಂದು ದಿನವೂ ಅವರ ಹೆಸರು ಹಿಡಿದು ಕರೆದವಳಲ್ಲ ನಾನು. ಮೊನ್ನೆ ಅಷ್ಟು ಜನರ ಎದುರಿಗೆ, “ಅಲ್ಲಿಗೂ ಒಂದ್ ಸಾಲು ಮುಂದೆ ಹೋಗ್ಬುಟ್ಟೆಯಲ್ಲೋ ಚೌರಪ್ಪಾ” ಅಂತ ಕೂಗಿದೆ. ಐದು ತಿಂಗಳದ್ದು ಒಟ್ಟಿಗೇ ಹರಿದುಹೋಯಿತು. ಮನೆಗೆ ಬಂದು ಗಂಗಾಮಣಿ ಕೊಟ್ಟ ಒಬ್ಬಟ್ಟು ನಾಲ್ಕು ತಿಂದು ಇನ್ನೊಂದು ಕೇಳಿದೆ. ಇನ್ನು ಮೇಲೆ ಫಾದರ್ ನನ್ನನ್ನು ತಡೆಯುವುದಿಲ್ಲವಂತೆ. ಆದರೆ ಅವರ ಪ್ರಾರ್ಥನೆ ಮುಗಿದ ಮೇಲೆ ಶುರು ಮಾಡಬೇಕಂತೆ. ಆಗಲಿ ಅಂದಿದ್ದೇನೆ.

ಮಾತೆ ಮರಿಯಮ್ಮನವರು ನಿನ್ನನ್ನೂ ನಿನ್ನ ಮಂಡಿಯನ್ನೂ ಕಾಯಲಿ. ಕಾನ್ವೆಂಟಿನ ಎಲ್ಲರಿಗೂ ನನ್ನ ಸ್ತೋತ್ರ ತಿಳಿಸು.

ನಿನ್ನ ಅಕ್ಕ,
ಲೂರ್ದಮ್ಮ

ಕವರ್ ಅಂಟಿಸುವ ಮುಂಚೆ ಒಂದು ಮಾತು: ಅಮ್ಮ ಹೋದಾಗ ನೀನಿನ್ನೂ ಸಿಸ್ಟರ್ ಆಗಲು ಕಲಿಯುತ್ತಿದ್ದೆ, ನಿನ್ನನ್ನು ಕಳಿಸಲಿಲ್ಲ. “ದೇವರಿಗೆ ಒಪ್ಪಿಸಿದ್ದೇನೆ ಅಕ್ಕ, ನಾನು ಅಳಲಿಲ್ಲ” ಅಂತ ನೀನು ಬರೆದ ಕಾಗದ ನನ್ನ ಟ್ರಂಕಿನಲ್ಲಿದೆ. ಇಪ್ಪತ್ತಾರು ವರ್ಷ ಅದನ್ನು ಓದಿ ಹೆಮ್ಮೆಪಟ್ಟೆ. ಮೊನ್ನೆ ಓದಿದಾಗ, ನೀನೂ ನನ್ನ ಹಾಗೇ ನುಂಗಿಕೊಂಡಿದ್ದೆ ಅಂತ ತಿಳಿಯಿತು. ಜನವರಿಯಲ್ಲಿ ರಜೆ ಕೇಳಿಕೊಂಡು ಬಾ. ಅಮ್ಮನ ಶಿಲುಬೆಗೂ ಸುಣ್ಣ ಬಳಿದಿದ್ದೇನೆ. ನಾನು ಹಾಡುತ್ತೇನೆ, ಬೇಕೆಂದೇ ಎಲ್ಲಾದರೂ ತಪ್ಪು ಹೇಳುತ್ತೇನೆ. ನೀನು ತಿದ್ದು.