ಆರು ತುಂಡಿನ ಹೆಸರು

೨೧-೧೧-೧೯೫೮, ಶುಕ್ರವಾರ, ವೇಣೂರು

ಅಮ್ಮನಿಗೆ ಆ ಹೆಸರನ್ನು ಕಲಿಸಬಾರದಿತ್ತು.

ತಂಗಿ ಲೋಲಾಕ್ಷಿಯ ಮೊಣಕಾಲಿನ ಬಾವು ನೋಡಿ ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಚೀಟಿ ಎಂಟು ದಿನದಿಂದ ನನ್ನ ಕಿಸೆಯಲ್ಲೇ ಇದೆ. ಮೂಳೆಯ ಕ್ಯಾನ್ಸರ್. ಕಾಲು ತೆಗೆದರೂ ಉಳಿಯುವುದು ಸಂಶಯವಂತೆ. ಮನೆಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಆದರೆ ಚೀಟಿಯಲ್ಲಿ ಬರೆದ ರೋಗದ ಹೆಸರು ಹೇಳು ಎಂದು ಅಮ್ಮ ಬಿಡಲಿಲ್ಲ. ಮೈಮೇಲೆ ಬಂದ ಕುಲೆಯನ್ನು, ಸತ್ತವರ ಪ್ರೇತವನ್ನಾದರೂ, ಮೊದಲು ಹೆಸರು ಕೇಳಿಯೇ ಕಳಿಸುವುದಲ್ಲವೇ ಎಂಬುದು ಅವಳ ವಾದ.

"ಹೆಸರು ಗೊತ್ತಿಲ್ಲದೆ ಹೋಗು ಅಂತ ಯಾರಿಗೆ ಹೇಳುವುದು ಮಾರಾಯ? ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸ್ತೀಯಲ್ಲ, ನನಗೂ ಕಲಿಸು."

ಮಕ್ಕಳಿಗೆ ಕಲಿಸುವ ಹಾಗೆಯೇ ಬೆರಳ ಗೆಣ್ಣು ಮುಟ್ಟಿಸಿ ತುಂಡು ಮಾಡಿಕೊಟ್ಟೆ. ಆಸ್-ಟಿ-ಓ-ಸಾರ್-ಕೋ-ಮಾ. ಒತ್ತು 'ಕೋ' ಮೇಲೆ. ನಾಚಿಕೆಯ ಮಾತೆಂದರೆ, ಕಲಿಸುವಾಗ ನನಗೆ ಖುಷಿಯಾಯಿತು. ನನ್ನ ಕ್ಲಾಸಿನ ಯಾರೂ ಇಷ್ಟು ಬೇಗ ಒತ್ತು ಹಿಡಿದದ್ದಿಲ್ಲ.

ಮುಸ್ಸಂಜೆ ದೀಪ ಹಚ್ಚಿ, ಅಮ್ಮ ಲೋಲಾಕ್ಷಿಯ ಕಾಲಿನ ಮೇಲೆ ಕೈಯಿಟ್ಟು ಹೆಸರನ್ನು ಪೂರ್ತಿ ಕರೆದಳು. "ನಿನ್ನ ಗುರುತು ಸಿಕ್ಕಿತು. ನನ್ನ ಮಗಳನ್ನು ಬಿಟ್ಟು ಹೋಗು." ಮೂರು ಸಲ. ಒಂದಕ್ಷರವೂ ತಪ್ಪಲಿಲ್ಲ. ಆಮೇಲೆ, ಎಷ್ಟೋ ದಿನಗಳ ನಂತರ, ಸಮಾಧಾನದಿಂದ ಗಂಜಿ ಉಂಡಳು.

ಚಾಪೆಯ ಬಳಿ ನೀರಿಡಲು ಹೋದಾಗ ಲೋಲಾಕ್ಷಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತ ಆರೂ ತುಂಡನ್ನು ಸರಿಯಾಗಿ ಹೇಳಿದಳು.

ಹೋಗು ಎಂದು ಮಾತ್ರ ಹೇಳಲಿಲ್ಲ.